ಕೃಷ್ಣಾತೀರದ ಕಥೆಗಾರ: ಮೆಡೋಸ್ ಟೇಲರನ ಪೂರ್ವಚರಿತ್ರೆ

ಮನೆಯ ಹುಡುಗರು ಅದ್ಭುತ ಕಥೆಗಳ ಪುಸ್ತಕವನ್ನು ಹಿಡಿದು ಕುಳಿತರೆಂದರೆ ಹಿರಿಯರ ಮನಸ್ಸಿಗೆ ಸಾಮಾನ್ಯವಾಗಿ ಸಮಾಧಾನವಾಗುವದಿಲ್ಲ. ಪಾಠದ ಪುಸ್ತಕವನ್ನು ಬದಿಗಿಟ್ಟು ಇಲ್ಲದ ಲೋಕಗಳಲ್ಲಿ ಅಲೆದಾಡುವದರಿಂದ ಬುದ್ಧಿಯು ನೆಲೆ ತಪ್ಪುವದೆಂಬ ಭಯವು ಎಷ್ಟೋ ಗೃಹಸ್ಥರಲ್ಲಿ ಇರುತ್ತದೆ. ಇನ್ನು ಕೆಲವರು ಇದಕ್ಕೆ ತೀರ ವಿರುದ್ಧವಾಗಿ, ಕಥೆಗಾರನಾಗತಕ್ಕವನು ಹುಟ್ಟುವಾಗಲೇ ಕಲ್ಪನಾಶಕ್ತಿಯನ್ನು ಪಡೆದುಕೊಂಡು ಬಂದಿರುತ್ತಾನೆಂದೂ, ಅಂಥವನಿಗೆ ಲೋಕದ ಲೆಕ್ಕಪತ್ರಗಳ ಗೊಡವೆಯೇ ಬೇಕಾಗಿಲ್ಲವೆಂದೂ ಹೇಳುವದುಂಟು. ಈ ಎರಡು ಮಾತುಗಳನ್ನೂ ಉಜ್ಜಿ ನೋಡುವದಕ್ಕೆ ನಮ್ಮ ನಾಡಿನಲ್ಲಿಯೇ ಬಾಳಿಹೋದ ಒಬ್ಬ ಕಥೆಗಾರನ ಚರಿತ್ರೆಯು ಒಳ್ಳೆಯ ಒರೆಗಲ್ಲಾಗಿದೆ.

ಯಾದಗಿರಿ ಜಿಲ್ಲೆಯ ನಾರಾಯಣಪುರದ ಹೆಸರನ್ನು ವಾಚಕರು ಕೇಳಿಯೇ ಇರುವರು. ಅಲ್ಲಿ ಕೃಷ್ಣಾನದಿಗೆ ಅಡ್ಡಲಾಗಿ ಕಟ್ಟಿ 1982ರಲ್ಲಿ ಪೂರ್ತಿಗೊಳಿಸಿದ ಬಸವಸಾಗರದ ನೀರು ಸುತ್ತಲಿನ ಬೆಂಗಾಡನ್ನು ಬೆಳೆಯ ಭೂಮಿಯನ್ನಾಗಿ ಮಾಡಿತು. ಊರಿನ ಸಮೀಪದಲ್ಲಿ ಛಾಯಾಭಗವತಿಯ ಕ್ಷೇತ್ರವಿದೆ. ನದಿಯ ಕೆಳಗಡೆಗೆ ಸಾಗಿದರೆ ಜಲದುರ್ಗದ ಕೋಟೆಯಿದೆ. ಈ ಭಾಗದಲ್ಲಿ ಕೃಷ್ಣೆಯು ಸುಮಾರು 3 ಮೈಲುಗಳ ಅಂತರದಲ್ಲಿ 400 ಅಡಿಗಳಷ್ಟು ಕೆಳಗಿಳಿದು, ಮಳೆಗಾಲದಲ್ಲಿ ಬಂಡೆಯಿಂದ ಬಂಡೆಗೆ ಅಪ್ಪಳಿಸುತ್ತ ಭೋರ್ಗರೆಯುತ್ತಿದ್ದುದನ್ನು ಹಳೆಯ ಗ್ಯಾಸೆಟಿಯರುಗಳು ವರ್ಣಿಸುತ್ತವೆ. ಆ ಭೋರ್ಗರೆತವನ್ನು ಕಿವಿಯಾರೆ ಕೇಳಿ, ಜಲದುರ್ಗದ ಈ ಸೀಮೆಯನ್ನು ತನ್ನ ಕಡೆಯ ಕಾದಂಬರಿಯ ರಂಗಸ್ಥಳವನ್ನಾಗಿ ಮಾಡಿಕೊಂಡ ಆಂಗ್ಲೇಯನೊಬ್ಬನಿದ್ದನು. ಆತನೇ ಕರ್ನಲ್ ಫಿಲಿಪ್ ಮೆಡೋಸ್ ಟೇಲರನು.

ಈಗ ನಾವು ಅದ್ಭುತಕಥೆ, ವಿಜ್ಞಾನಕಥೆ, ಐತಿಹಾಸಿಕ ಕಾದಂಬರಿ ಎಂದು ಬೇರೆ ಬೇರೆಯಾಗಿ ಎಣಿಸುವ ಪ್ರಕಾರಗಳಿಗೆಲ್ಲ ಆತನ ಕಾಲದ ಆಂಗ್ಲರು ಬಹುಮಟ್ಟಿಗೆ 'ರೊಮಾನ್ಸ್' ಎಂಬ ಒಂದೇ ಹೆಸರನ್ನು ಕೊಡುತ್ತಿದ್ದರು. ಕಂಡರಿಯದ ದೇಶ, ಕೇಳರಿಯದ ಜನ, ಮೈನವಿರೇಳಿಸುವ ಸಾಹಸ, ವಿಧಿಯ ವಿಚಿತ್ರ ಆಟ, ಇವೇ ಆ ಬರವಣಿಗೆಯ ಜೀವಾಳ. ಟೇಲರನು ಈ ಮಾರ್ಗದ ಲೇಖಕನು. ಆತನು ಕಥೆಗಾರನಾದ ಬಗೆಯನ್ನೂ, ಆ ಕಥೆಗಳಿಗೆ ನಮ್ಮ ಸುರಪುರದ ನೆಲವು ಏನು ಕೊಟ್ಟಿತೆಂಬುದನ್ನೂ ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು.

ಲಿವರ್‌ಪೂಲಿನ ಹುಡುಗ

ಟೇಲರನು 1808ನೆಯ ಇಸವಿಯ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ವ್ಯಾಪಾರಸ್ಥನು, ತಾಯಿಯು ಮಿಟ್‌ಫರ್ಡ್ ಎಂಬ ಹಳೆಯ ಮನೆತನದವಳು. ತಂದೆಯ ವ್ಯಾಪಾರಕ್ಕೆ ಕುಂದು ಬಂದುದರಿಂದ ಮಗನ ವಿದ್ಯಾಭ್ಯಾಸವು ನಡುವೆಯೇ ನಿಂತು, ಆ ಹುಡುಗನು ಚಿಕ್ಕಂದಿನಲ್ಲಿಯೇ ಒಂದು ವ್ಯಾಪಾರದ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಬೇಕಾಯಿತು. ವಿಶ್ವವಿದ್ಯಾಲಯದ ಬಾಗಿಲನ್ನು ಆತನು ಎಂದೂ ದಾಟಲಿಲ್ಲ.

ಇಷ್ಟರಲ್ಲಿ ಮುಂಬಯಿಯ ಬ್ಯಾಕ್ಸ್‌ಟರ್ ಎಂಬ ವರ್ತಕನಿಗೆ ಒಬ್ಬ ಸಹಾಯಕನು ಬೇಕಾಗಿದ್ದನು. ಇಪ್ಪತ್ತೊಂದು ವರ್ಷ ತುಂಬಿದ ಕೂಡಲೆ ವ್ಯಾಪಾರದಲ್ಲಿ ಪಾಲು ಕೊಡಲಾಗುವದೆಂಬ ಆಶೆಯನ್ನು ತೋರಿಸಿದ್ದರಿಂದ ತಂದೆತಾಯಿಗಳು ಒಪ್ಪಿದರು. 1824ರಲ್ಲಿ, ಇನ್ನೂ 15 ವರ್ಷದ ಬಾಲಕನಾಗಿದ್ದ ಟೇಲರನು ಹಡಗನ್ನು ಹತ್ತಿದನು. ಆಗಿನ್ನೂ ಸುಯೆಜ್ ಕಾಲುವೆ ಇರಲಿಲ್ಲವಾದ್ದರಿಂದ ಆಫ್ರಿಕಾ ಖಂಡವನ್ನೇ ಸುತ್ತಿ ಬರುವದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಇಷ್ಟೆಲ್ಲ ದಾಟಿ ಮುಂಬಯಿಗೆ ಬಂದು ನೋಡಿದರೆ, ಆ ವ್ಯಾಪಾರವು ಮೊದಲು ಹೇಳಿದಂತಿರದೆ ದುಃಸ್ಥಿತಿಗೆ ಬಂದಿತ್ತು. ಪಾಲಿನ ಮಾತು ಹಾಗಿರಲಿ, ಸಂಬಳವೂ ಭರವಸೆಯದಾಗಿರಲಿಲ್ಲ. ತಾಯಿಯ ಕಡೆಯ ಬಂಧುವಾದ ನ್ಯೂನ್ಹಮ್ ಎಂಬವನು ಆಗ ಮುಂಬಯಿ ಸರಕಾರದಲ್ಲಿ ದೊಡ್ಡ ಅಧಿಕಾರದಲ್ಲಿದ್ದನು. ಆತನು ಈ ಹುಡುಗನ ಸ್ಥಿತಿಗೆ ಮರುಗಿ, ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಒಂದು ಹುದ್ದೆಯನ್ನು ಕೊಡಿಸಿದನು.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಟೇಲರನು ಸೇರಿದ್ದು ಕಂಪನಿ ಸರಕಾರದ ನೌಕರಿಯನ್ನಲ್ಲ, ನಿಜಾಮರ ನೌಕರಿಯನ್ನು. ಕಂಪನಿಯ ನೌಕರರಿಗಿದ್ದ ಬಡತಿ, ಪಿಂಚಣಿ, ಮರ್ಯಾದೆಗಳು ಇಂಥವರಿಗೆ ಇರಲಿಲ್ಲ. ತನ್ನ ಜನರಲ್ಲಿಯೇ ಒಂದು ಮೆಟ್ಟಿಲು ಕೆಳಗೆ ನಿಂತವನಿಗೆ ಮೇಲೇರಲು ಇದ್ದ ಏಣಿಯೆಂದರೆ ಭಾಷಾಜ್ಞಾನವೊಂದೇ. ಆತನು ಹಿಂದುಸ್ತಾನಿಯನ್ನೂ ಪಾರಸಿಯನ್ನೂ ಹಟ ಹಿಡಿದು ಕಲಿತನು, ಮರಾಠಿಯನ್ನು ಮಾತಾಡತೊಡಗಿದನು. ಸೈನ್ಯದ ನ್ಯಾಯಸಭೆಗಳಲ್ಲಿ ದುಭಾಷಿಯಾಗುವಷ್ಟು ಯೋಗ್ಯತೆ ಬಂದಿತು. ಇಪ್ಪತ್ತು ವರ್ಷ ತುಂಬುವದಕ್ಕೆ ಮೊದಲೇ ಸದಾಶಿವಪೇಟೆಯ ಕಡೆ ಪೋಲೀಸಿನ ಅಧಿಕಾರವು ಕೈಗೆ ಬಂದಿತು. ಕಾಯಿದೆ, ಭೂಮಾಪನ, ಕಟ್ಟಡದ ವಿದ್ಯೆ ಇವೆಲ್ಲವನ್ನೂ ಆತನು ಪುಸ್ತಕಗಳಿಂದ ತಾನಾಗಿಯೇ ಕಲಿತನು. ಚಿತ್ರ ಬರೆಯುವ ಕೈಯೂ ಆತನಿಗಿತ್ತು.

ಮೊದಲ ಕಥೆ ಹುಟ್ಟಿದ ಬಗೆ

ಆ ದಿನಗಳಲ್ಲಿ ದಾರಿಹೋಕರು ಗುರುತಿಲ್ಲದೆ ಮಾಯವಾಗುತ್ತಿದ್ದ ಸುದ್ದಿಗಳೂ, ಹೂತ ಹೆಣಗಳು ಸಿಕ್ಕುವ ವರ್ತಮಾನಗಳೂ ಟೇಲರನ ಕಚೇರಿಗೆ ಬರುತ್ತಿದ್ದವು. ಅದರ ಬೇರನ್ನು ಹುಡುಕುತ್ತಿರುವಾಗಲೇ ಆತನನ್ನು ಪಲ್ಟಣಕ್ಕೆ ಹಿಂದಿರುಗಿಸಲಾಯಿತು. ಹಾಗಾಗದಿದ್ದರೆ ಸ್ಲೀಮನ್ ಸಾಹೇಬನಿಗಿಂತ ಮೊದಲು ತಾನೇ ಠಗ್ಗರ ಗುಟ್ಟನ್ನು ಹೊರಗೆಡಹುತ್ತಿದ್ದೆನೆಂದು ಆತನು ಮುಂದೆ ತನ್ನ ಆತ್ಮಚರಿತ್ರೆಯಲ್ಲಿ ಬರೆದುಕೊಂಡಿದ್ದಾನೆ. ತರುವಾಯ ಠಗ್ಗರ ವಿಚಾರಣೆ ನಡೆದ ಕಾಲದಲ್ಲಿ, ಮಾಫಿಯ ಸಾಕ್ಷಿಗಳಾದ ಅನೇಕರ ಹೇಳಿಕೆಗಳನ್ನು ಆತನು ದಿನಗಟ್ಟಲೆ ಕುಳಿತು ಕೇಳಿದನು, ಬರೆದುಕೊಂಡನು. ಆ ವಿಷಯದ ಮೇಲೆ ಒಂದು ಲೇಖನವನ್ನು ಬರೆದು ಸ್ವದೇಶಕ್ಕೆ ಕಳುಹಿದನು.

ಆ ಲೇಖನವು ಎಡ್ವರ್ಡ್ ಬುಲ್ವರನ ಕೈಗೆ ಸಿಕ್ಕಿತು. ಮುಂದೆ ಲಾರ್ಡ್ ಲಿಟ್ಟನ್ ಎಂದು ಹೆಸರಾದ ಈ ಕಾದಂಬರಿಕಾರನು ಮಾಂತ್ರಿಕ ರಹಸ್ಯಗಳನ್ನು ಕುರಿತ 'ಜನೋನಿ' ಎಂಬ ಕಥೆಯನ್ನು 1842ರಲ್ಲಿಯೂ, ಭೂಮಿಯ ಒಡಲೊಳಗೆ ವಾಸಿಸುವ ಒಂದು ಜನಾಂಗವನ್ನೂ 'ವ್ರಿಲ್' ಎಂಬ ಅವರ ಮಹಾಶಕ್ತಿಯನ್ನೂ ಕುರಿತ 'ದಿ ಕಮಿಂಗ್ ರೇಸ್' ಎಂಬ ಕಥೆಯನ್ನು 1871ರಲ್ಲಿಯೂ ಪ್ರಕಟಿಸಿದನು. ಇಂಗ್ಲಿಷಿನ ವಿಜ್ಞಾನಕಥೆಯ ಮೂಲಪುರುಷರನ್ನು ಎಣಿಸುವಾಗ ಆತನ ಹೆಸರು ಬರುತ್ತದೆ. ಪಾತಾಳಲೋಕವನ್ನೇ ಕಲ್ಪಿಸಬಲ್ಲ ಆ ಲೇಖಕನು ಟೇಲರನ ಬರವಣಿಗೆಯನ್ನು ನೋಡಿ, ತನಗೆ ಹಿಂದುಸ್ತಾನದ ಸ್ಥಳಜ್ಞಾನವೂ ಜನರ ಪರಿಚಯವೂ ಇದ್ದಿದ್ದರೆ ಈ ವಿಷಯದ ಮೇಲೆ ತಾನೇ ಒಂದು ಕಾದಂಬರಿಯನ್ನು ಬರೆಯುತ್ತಿದ್ದೆನೆಂದೂ, ಅವೆರಡೂ ಇರುವ ಟೇಲರನೇ ಏಕೆ ಬರೆಯಬಾರದೆಂದೂ ಸೂಚಿಸಿದನು. ಕಲ್ಪನೆ ಎಷ್ಟಿದ್ದರೂ ಕಾಲು ಊರಲು ನೆಲ ಬೇಕೆಂಬುದನ್ನು ಕಲ್ಪನೆಯ ಸಿರಿವಂತನೇ ಹೀಗೆ ಒಪ್ಪಿಕೊಂಡಂತಾಯಿತು.

ಜ್ವರದಿಂದ ಹಾಸಿಗೆ ಹಿಡಿದಿದ್ದ ದಿನಗಳನ್ನು ಟೇಲರನು ಈ ಬರವಣಿಗೆಗೆ ಉಪಯೋಗಿಸಿಕೊಂಡನು. ಅಮೀರ್ ಅಲಿ ಎಂಬ ಠಗ್ಗನು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಆ ಕಾದಂಬರಿಯು 'ಕನ್ಫೆಶನ್ಸ್ ಆಫ್ ಎ ಠಗ್' ಎಂಬ ಹೆಸರಿನಿಂದ 1839ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ವಿಕ್ಟೋರಿಯಾ ರಾಣಿಯು ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳಂತೆ. 'ಠಗ್' ಎಂಬ ನಮ್ಮ ಮಾತು ಇಂಗ್ಲಿಷಿನ ಮನೆಮಾತಾದದ್ದು ಬಹುಮಟ್ಟಿಗೆ ಈ ಪುಸ್ತಕದಿಂದಲೇ. ಮರುವರ್ಷ, 1840ರಲ್ಲಿ, ಟಿಪ್ಪು ಸುಲ್ತಾನನನ್ನು ಕುರಿತ ಕಾದಂಬರಿಯು ಪ್ರಕಟವಾಯಿತು. ರಜೆಯ ಮೇಲೆ ಸ್ವದೇಶಕ್ಕೆ ಹೋದ ಬಡ ಸೈನಿಕನು ಹೆಸರಾಂತ ಗ್ರಂಥಕರ್ತನಾಗಿ, ಲಂಡನ್ನಿನ 'ಟೈಮ್ಸ್' ಪತ್ರಿಕೆಯ ಬಾತ್ಮೀದಾರನೂ ಆಗಿ ಹಿಂದಿರುಗಿದನು.

ಆದರೆ ಆ ಪುಸ್ತಕವನ್ನು ಈಗ ಓದುವವರು ಒಂದು ಎಚ್ಚರವನ್ನು ಇಟ್ಟುಕೊಳ್ಳಬೇಕು. ಮಾಫಿಯ ಸಾಕ್ಷಿಯು ತನ್ನ ತಲೆಯನ್ನು ಉಳಿಸಿಕೊಳ್ಳುವದಕ್ಕಾಗಿ ಅಧಿಕಾರಿಯ ಮನಸ್ಸಿಗೆ ಒಪ್ಪುವಂತೆ ಹೇಳುವದು ಅಸಂಭವವಲ್ಲ. ಠಗ್ಗರ ವಿಷಯದಲ್ಲಿ ನಿಜವೆಷ್ಟು, ಸರಕಾರದ ಭೀತಿಯು ಬೆಳೆಸಿದ್ದೆಷ್ಟು ಎಂಬುದರ ಬಗ್ಗೆ ಈಗಿನ ಇತಿಹಾಸಕಾರರಲ್ಲಿ ಏಕವಾಕ್ಯತೆಯಿಲ್ಲ. ಕೇಳುವ ಕಿವಿ ಎಷ್ಟು ಸೂಕ್ಷ್ಮವಾಗಿದ್ದರೂ, ಕೇಳುವವನು ಕುಳಿತ ಕುರ್ಚಿಯು ಯಾವದೆಂಬುದು ಮುಖ್ಯ.

ಸುರಪುರದ ಹನ್ನೆರಡು ವರ್ಷಗಳು

1841ರಲ್ಲಿ ಸುರಪುರದ ದೊರೆ ಕೃಷ್ಣಪ್ಪ ನಾಯಕನು ತೀರಿಕೊಂಡನು. ಮಗನಾದ ವೆಂಕಟಪ್ಪ ನಾಯಕನು ಆಗ ಸುಮಾರು 7 ವರ್ಷದ ಕೂಸು. ವಿಧವೆ ರಾಣಿ ಈಶ್ವರಮ್ಮನ ಪಕ್ಷ, ಬಂಧುಗಳ ಪಕ್ಷ, ನಿಜಾಮ ಸರಕಾರಕ್ಕೂ ಸಾಹುಕಾರರಿಗೂ ಸಲ್ಲಬೇಕಾದ ಬಾಕಿ, ಕೋಟೆ ಕೊತ್ತಲಗಳಲ್ಲಿ ಆಯುಧ ಹಿಡಿದು ನಿಂತ ಶೂರ ಬೇಡರ ಪಡೆ, ಹೀಗೆ ಸಂಸ್ಥಾನವು ಕದಡಿಹೋಗಿತ್ತು. ಅದನ್ನು ನೆಲೆಗೆ ತರುವ ಕೆಲಸವು ಟೇಲರನ ಪಾಲಿಗೆ ಬಂದಿತು. ಆತನು ಮಾತಿನ ಬಲದಿಂದಲೇ ಬಹಳಷ್ಟನ್ನು ಸಾಧಿಸಿ, 1853ರ ವರೆಗೆ ಅಲ್ಲಿಯೇ ನಿಂತನು. ಬಾಲರಾಜನ ವಿದ್ಯಾಭ್ಯಾಸ, ಕಂದಾಯದ ಲೆಕ್ಕ, ಕೆರೆಗಳ ದುರಸ್ತಿ ಎಲ್ಲವೂ ಆತನ ಮೇಲ್ವಿಚಾರಣೆಗೆ ಒಳಪಟ್ಟವು. ಬೋನಾಳದ ದೊಡ್ಡ ಕೆರೆಯು ಆ ಕಾಲದಲ್ಲಿ ಸುಧಾರಿಸಲ್ಪಟ್ಟಿತು. ಅಲ್ಲಿ ಮುಂದೆ ಪಕ್ಷಿಧಾಮವಾಯಿತು. ಸುರಪುರದ ಗುಡ್ಡದ ಮೇಲೆ ಆತನು ಕಟ್ಟಿಸಿದ ಬಂಗಲೆಗೆ ಟೇಲರ್ ಮಂಜಿಲ್ ಎಂಬ ಹೆಸರು ನಿಂತಿತು. ಈ ವರ್ಷಗಳಲ್ಲಿಯೇ ಆತನ ಪತ್ನಿ ಮೇರಿಯು ಕಾಲವಶಳಾದಳು. ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳಾದ ಆಕೆಯು ಹೋದ ಮೇಲೆ, ಏಕಾಕಿಯಾದ ಟೇಲರನಿಗೆ ಈ ನಾಡಿನ ಜನರೇ ಬಳಗವಾದರು.

ಕಥೆಗಾರನ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬುದನ್ನು ಬಲ್ಲವರಾಗಬೇಕಾದರೆ ರಾಜನಕೋಳೂರಿನ ಸಂಗತಿಯನ್ನು ನೋಡಬೇಕು. ನಾರಾಯಣಪುರದಿಂದ ಬಹಳ ದೂರವಲ್ಲದ ಈ ಊರಿನ ಬಳಿ, ಚಪ್ಪಡಿಕಲ್ಲುಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಹೊದಿಸಿದ ಪುರಾತನ ಕಲ್ಮನೆಗಳಿವೆ. ಬಾಗಿ ಒಳಹೊಗಬೇಕಾದಷ್ಟು ಗಿಡ್ಡವಾದ ಇವುಗಳಿಗೆ ಜನರು 'ಮೋರೇರ ಮನೆ'ಗಳೆಂದು ಹೆಸರಿಟ್ಟು, ಹಿಂದಿನ ಯುಗದಲ್ಲಿ ಮೋರೇರೆಂಬ ಗೇಣಳತೆಯ ಕುಳ್ಳ ಜನರು ಇವುಗಳಲ್ಲಿ ವಾಸವಾಗಿದ್ದರೆಂದು ಹೇಳುತ್ತ ಬಂದಿದ್ದಾರೆ. ಬೇರೆ ಅಧಿಕಾರಿಯಾಗಿದ್ದರೆ ಈ ಮಾತಿಗೆ ನಕ್ಕು ಮುಂದೆ ಹೋಗುತ್ತಿದ್ದನು. ಟೇಲರನು ಕಥೆಯನ್ನೂ ಕೇಳಿದನು, ಕಲ್ಲನ್ನೂ ಅಳೆದನು. ಜೇವರ್ಗಿಯ ಬಳಿ ಕಲ್ಲುಗುಪ್ಪೆಗಳನ್ನು ಅಗೆಯಿಸಿ, ಒಳಗೆ ದೊರೆತ ಎಲುಬು, ಮಡಕೆಗಳ ಚಿತ್ರವನ್ನು ಬರೆದನು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಚೌಕಟ್ಟಿಗೆ ಇಟ್ಟ ನೂರಾರು ಬಂಡೆಗಳನ್ನು ವರ್ಣಿಸಿದನು. ಯುರೋಪಿನಲ್ಲಿ ಕಾಣುವ ಅಂಥವೇ ಕಲ್ಗೋರಿಗಳೊಡನೆ ಇವನ್ನು ಹೋಲಿಸಿ ಮುಂಬಯಿಯ ಏಶಿಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಬರೆದ ಲೇಖನಗಳು, ದಕ್ಷಿಣ ಹಿಂದುಸ್ತಾನದ ಬೃಹತ್ ಶಿಲಾಯುಗದ ಸಂಶೋಧನೆಗೆ ಮೊದಲ ಮೆಟ್ಟಿಲುಗಳಲ್ಲಿ ಎಣಿಸಲ್ಪಡುತ್ತವೆ. ಹೋಲಿಕೆಯಿಂದ ಆತನು ತೆಗೆದ ತೀರ್ಮಾನಗಳನ್ನು ಪಂಡಿತರು ಮುಂದೆ ಒಪ್ಪಲಿಲ್ಲ. ಆತನ ಅಳತೆ ಮತ್ತು ಚಿತ್ರಗಳಿಗೆ ಮಾತ್ರ ಬೆಲೆ ಕುಗ್ಗಲಿಲ್ಲ. ಅದ್ಭುತವನ್ನು ಕೇಳುವ ಕುತೂಹಲವೂ, ಅಳೆದು ನೋಡುವ ಶಾಸ್ತ್ರಬುದ್ಧಿಯೂ ಒಬ್ಬನಲ್ಲಿಯೇ ಇರಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆಯು ನಮಗೆ ತೋರುವದಿಲ್ಲ.

ಜಾತಕದ ಸಂಗತಿ

ಈ ಕಥೆಗಾರನ ಬಾಳಿನಲ್ಲಿ ನಡೆದ ಒಂದು ಘಟನೆಯು ಆತನ ಯಾವ ಕಾದಂಬರಿಗಿಂತಲೂ ವಿಚಿತ್ರವಾಗಿದೆ. ಅದನ್ನು ಆತನೇ ಆತ್ಮಚರಿತ್ರೆಯಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾನೆ. ಬಾಲರಾಜನು ಟೇಲರನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ಒಂದು ಸಲ ರಾಣಿ ಈಶ್ವರಮ್ಮನು ಕಾಯಿಲೆಯಿಂದ ಕಂಗೆಟ್ಟು ಟೇಲರನನ್ನು ಕರೆಯಿಸಿದಳು. ಅರಮನೆಯ ಬ್ರಾಹ್ಮಣ ಜ್ಯೋತಿಷಿಯು ಆಗ ರಾಜನ ಜಾತಕವನ್ನು ಹೊರತೆಗೆದು, ಈ ಹುಡುಗನಿಗೆ 24ನೆಯ ವರ್ಷದಲ್ಲಿ ಮರಣವಿದೆಯೆಂದೂ, ವಂಶದ ಆಳಿಕೆಯು ಇವನೊಡನೆ ಮುಗಿಯುವದೆಂದೂ ತಿಳಿಸಿದನು. ಟೇಲರನು ಆ ಮಾತನ್ನು ನಂಬಲಿಲ್ಲ. ಆದರೂ ಗುಟ್ಟನ್ನು ಗುಟ್ಟಾಗಿಯೇ ಉಳಿಸಿಕೊಂಡನು.

1853ರಲ್ಲಿ ರಾಜನು ಪ್ರಾಪ್ತವಯಸ್ಕನಾದನು. ಟೇಲರನು ಸಂಸ್ಥಾನವನ್ನು ಆತನ ಕೈಗೆ ಒಪ್ಪಿಸಿ ನಳದುರ್ಗದ ಸೀಮೆಯ ಅಧಿಕಾರಕ್ಕೆ ಹೋದನು. ಆ ಕಡೆಯ ಜನರು ಆತನ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು 'ಮಹಾದೇವ ಬಾಬಾ' ಎಂದು ಕರೆಯುತ್ತಿದ್ದರೆಂದು ತಿಳಿಯುತ್ತದೆ. ಇತ್ತ 1857ರ ಕಿಡಿಯು ಸುರಪುರಕ್ಕೂ ಹಬ್ಬಿತು. 1858ರ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕನ ಬೇಡರ ಪಡೆಗೂ ಆಂಗ್ಲರ ಸೈನ್ಯಕ್ಕೂ ಕಾಳಗವಾಯಿತು. ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು. ಸೆರೆಯಲ್ಲಿ ಟೇಲರನು ಕಾಣಲು ಹೋದಾಗ ಆ ತರುಣನು 'ಅಪ್ಪಾ' ಎಂದು ತಬ್ಬಿಕೊಂಡು ಅತ್ತನಂತೆ. ಮೊದಲು ಮರಣದಂಡನೆಯ ತೀರ್ಪಾಯಿತು. ಅದು ಗಡೀಪಾರಿಗೆ ಇಳಿಯಿತು. ಕೊನೆಗೆ ಗವರ್ನರ್ ಜನರಲ್ಲನು ಚೆಂಗಲ್ಪಟ್ಟಿನ ಕೋಟೆಯಲ್ಲಿ 4 ವರ್ಷಗಳ ಸೆರೆವಾಸವೆಂದು ನಿರ್ಣಯಿಸಿದನು. ಜಾತಕವು ಸುಳ್ಳಾಯಿತೆಂದು ಟೇಲರನಿಗೆ ತೋರಿತು. ಆದರೆ ಚೆಂಗಲ್ಪಟ್ಟಿಗೆ ಹೋಗುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜನು ಮರಣ ಹೊಂದಿದನು. ಆತನಿಗೆ ಆಗ 24ನೆಯ ವರ್ಷ. ರಾಜನು ತಾನೇ ಗುಂಡು ಹಾಕಿಕೊಂಡನೆಂಬುದು ಟೇಲರನ ಮಾತು. ನಾಡಿನ ಜನರಲ್ಲಿ ಬೇರೆ ಸಂದೇಹಗಳೂ ಉಳಿದಿವೆ. ಸುರಪುರವು ಮೊದಲು ಆಂಗ್ಲರ ವಶಕ್ಕೆ ಹೋಗಿ, 1860ರಲ್ಲಿ ನಿಜಾಮರ ರಾಜ್ಯಕ್ಕೆ ಸೇರಿತು.

ಜಾತಕದ ಬಲಾಬಲವನ್ನು ವಾಚಕರು ತಮ್ಮ ತಮ್ಮ ನಂಬುಗೆಯಂತೆ ತೂಗಲಿ. ನಮ್ಮ ಮನಸ್ಸನ್ನು ಕಲಕುವದು ಬೇರೊಂದು ಸಂಗತಿ. ಹುಡುಗನಿಗೆ ಅಕ್ಷರ ಕಲಿಸುವ ಏರ್ಪಾಡನ್ನು ಮಾಡಿದವನೂ ಟೇಲರನೇ. ಆತನು ಸೆರೆಯಾದ ಮೇಲೆ ಕಮಿಶನರನಾಗಿ ಬಂದು ಆ ಸಂಸ್ಥಾನದ ಬೀಗದ ಕೈಯನ್ನು ತೆಗೆದುಕೊಂಡವನೂ ಟೇಲರನೇ. ಪ್ರೀತಿಯು ನಿಜವಾಗಿತ್ತು, ನೌಕರಿಯೂ ನಿಜವಾಗಿತ್ತು. ರಾಜನು ಕೆಟ್ಟ ಸಹವಾಸದಿಂದಲೂ ದುರ್ಬೋಧೆಯಿಂದಲೂ ಹಾಳಾದನೆಂದು ಟೇಲರನು ಬರೆದಿದ್ದಾನೆ. ಪೂರ್ವಜರ ಗದ್ದಿಗೆಯ ಮೇಲೆ ಕುಳಿತ ತರುಣನಿಗೆ ಪರರ ಅಂಕೆಯು ಸಹಿಸಲಾರದಾಗಿತ್ತೆಂಬುದು ಆತನಿಗೆ ಹೊಳೆಯಲಿಲ್ಲವೋ, ಹೊಳೆದರೂ ಬರೆಯಲಾಗಲಿಲ್ಲವೋ! ಬೇಡರ ಮಾತು, ಮರಾಠರ ಮಾತು, ಠಗ್ಗರ ಮಾತುಗಳನ್ನೆಲ್ಲ ಕೇಳಿಸಿಕೊಂಡ ಆ ಕಿವಿಗೆ, ತೀರ ಹತ್ತಿರದವನ ಈ ಒಂದು ಮಾತು ಪೂರ್ತಿಯಾಗಿ ಕೇಳಿಸದೆ ಹೋಯಿತೆಂದು ನಾವು ತಿಳಿಯುವೆವು. ಕನ್ನಡಿಗರು ನಾಲ್ವಡಿ ವೆಂಕಟಪ್ಪ ನಾಯಕನನ್ನು ಸ್ವಾತಂತ್ರ್ಯದ ವೀರನೆಂದೇ ನೆನೆಯುತ್ತಾರೆ.

ಉತ್ತರಕಾಲ

1860ರಲ್ಲಿ ಅನಾರೋಗ್ಯದಿಂದ ಟೇಲರನು ಸ್ವದೇಶಕ್ಕೆ ಹಿಂದಿರುಗಿದನು. ಎರಡನೆಯ ಕಾದಂಬರಿಯ ತರುವಾಯ ಇಪ್ಪತ್ತಕ್ಕೂ ಹೆಚ್ಚು ವರ್ಷ ಆತನ ಕಾದಂಬರಿಯೊಂದೂ ಹೊರಬಂದಿರಲಿಲ್ಲ. ಅಲ್ಲಿಯ ವರೆಗೆ ಒಳಗೇ ಕೂಡಿಟ್ಟುದೆಲ್ಲ ಈಗ ಹರಿಯತೊಡಗಿತು. ವಿಜಾಪುರ, ತುಳಜಾಪುರಗಳ ಹಿನ್ನೆಲೆಯಲ್ಲಿ ಶಿವಾಜಿಯ ಕಾಲದ ಕಥೆಯನ್ನು ಹೇಳುವ 'ತಾರಾ' 1863ರಲ್ಲಿ, ಪ್ಲಾಸಿಯ ಕಾಲದ 'ರಾಲ್ಫ್ ಡಾರ್ನೆಲ್' 1865ರಲ್ಲಿ, 1857ರ ಕಾಲದ 'ಸೀತಾ' 1872ರಲ್ಲಿ ಬಂದವು. ನೂರು ನೂರು ವರ್ಷಗಳ ಅಂತರದ ಮೂರು ಸಂಧಿಕಾಲಗಳನ್ನು ಹೀಗೆ ಒಂದು ಸರದಲ್ಲಿ ಪೋಣಿಸಿದ್ದನು. ವಿಜಾಪುರದ ಕಟ್ಟಡಗಳನ್ನೂ, ಧಾರವಾಡ ಮತ್ತು ಮೈಸೂರು ಸೀಮೆಗಳ ಶಿಲ್ಪವನ್ನೂ ಕುರಿತ ಚಿತ್ರಗ್ರಂಥಗಳಿಗೆ 1866ರಲ್ಲಿ ಬರಹವನ್ನು ಒದಗಿಸಿದನು. 1876ರ ಮೇ 13ರಂದು ಫ್ರಾನ್ಸಿನ ಮೆಂಟನ್ ಎಂಬಲ್ಲಿ ಆತನು ತೀರಿಕೊಂಡನು. ಮರುವರ್ಷ ಆತ್ಮಚರಿತ್ರೆಯು ಮಗಳ ಕೈಯಿಂದ ಸಿದ್ಧವಾಗಿ ಪ್ರಕಟವಾಯಿತು. 1878ರಲ್ಲಿ ಚಾಂದಬೀಬಿಯನ್ನು ಕುರಿತ 'ಎ ನೋಬಲ್ ಕ್ವೀನ್' ಹೊರಬಂದಿತು. ಕೃಷ್ಣೆಯನ್ನು ಬಿಟ್ಟು ಸಾವಿರಾರು ಮೈಲು ದೂರ ಹೋದ ಮುದುಕನು ಜಲದುರ್ಗದ ಪ್ರವಾಹವನ್ನೂ ಬೇಡರ ಸೀಮೆಯನ್ನೂ ಮರೆತಿರಲಿಲ್ಲವೆಂಬುದಕ್ಕೆ ಆ ಪುಸ್ತಕವೇ ಸಾಕ್ಷಿ.

ಈ ಚರಿತ್ರೆಯಿಂದ ಗೃಹಸ್ಥರು ತೆಗೆದುಕೊಳ್ಳಬೇಕಾದುದೇನು? ಅದ್ಭುತ ಕಥೆಯು ಲೋಕವನ್ನು ಬಿಟ್ಟು ಓಡಿಹೋಗುವವನ ಕೈಯಲ್ಲಿ ಹುಟ್ಟುವದಿಲ್ಲ. ಲೆಕ್ಕ ಬರೆದವನು, ಪರಭಾಷೆಯನ್ನು ಕಲಿತವನು, ಕೆರೆ ಕಟ್ಟಿಸಿದವನು, ಅಜ್ಜಿಯರ ಮಾತಿಗೆ ಕಿವಿಗೊಟ್ಟು ಕಲ್ಲನ್ನು ಅಳೆದವನು ಬರೆದಾಗ ಅದಕ್ಕೆ ಜೀವ ಬರುತ್ತದೆ. ಆದುದರಿಂದ ಹುಡುಗನು ಅದ್ಭುತ ಕಥೆಯನ್ನು ಓದುತ್ತಿದ್ದರೆ ಪುಸ್ತಕವನ್ನು ಕಸಿದುಕೊಳ್ಳಬೇಡಿರಿ. ರಜೆಯಲ್ಲಿ ಒಂದು ದಿನ ಅವನನ್ನು ಕರೆದುಕೊಂಡು ಹೋಗಿ ರಾಜನಕೋಳೂರಿನ ಕಲ್ಮನೆಗಳನ್ನೂ, ಬೋನಾಳದ ಕೆರೆಯನ್ನೂ, ಸುರಪುರದ ಗುಡ್ಡವನ್ನೂ ತೋರಿಸಿರಿ. ಮೋರೇರ ಕಥೆಯನ್ನು ಊರಿನ ಹಿರಿಯರ ಬಾಯಿಂದ ಕೇಳಿಸಿರಿ. ಅಳತೆಯ ಪಟ್ಟಿಯೊಂದನ್ನು ಕೈಗೆ ಕೊಡಿರಿ. ಪರಸ್ಥಳದ ಒಬ್ಬ ಗುಮಾಸ್ತನು ನಮ್ಮ ನೆಲದಿಂದ ಇಷ್ಟನ್ನು ಎತ್ತಿಕೊಂಡು ಹೋಗಿ ಲೋಕಕ್ಕೆ ಹೇಳಿದನು. ವೆಂಕಟಪ್ಪ ನಾಯಕನ ಮನಸ್ಸಿನೊಳಗಿದ್ದು ಆತನಿಗೆ ಕೇಳಿಸದೆ ಉಳಿದ ಕಥೆಯನ್ನು ಹೇಳುವ ಕೆಲಸವು ನಮ್ಮ ಮಕ್ಕಳದು.